ಮಾನ್ಯತೆಯ ಮುದ್ರೆ ಮತ್ತು ಪ್ರಯೋಗಾಲಯದ ಬಾಗಿಲು

ಓದುಗರೊಬ್ಬರ ಪತ್ರ: “ನನ್ನ ಮಗಳಿಗೆ ಮಾಹಿತಿ ಸುರಕ್ಷತೆಯಲ್ಲಿ ಸ್ನಾತಕೋತ್ತರ ಪದವಿ ಓದುವ ಆಸೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ. ಒಂದಕ್ಕೆ ಅಲ್ಲಿನ ಸರ್ಕಾರ ‘ಉತ್ಕೃಷ್ಟತಾ ಕೇಂದ್ರ’ ಎಂಬ ಮಾನ್ಯತೆ ಕೊಟ್ಟಿದೆ, ಇನ್ನೊಂದಕ್ಕೆ ಇಲ್ಲ. ಮಗಳು ಎರಡನೆಯದೇ ಬೇಕೆನ್ನುತ್ತಾಳೆ. ಸರ್ಕಾರವೇ ಒಪ್ಪಿದ್ದನ್ನು ಬಿಡುವುದು ತಪ್ಪಲ್ಲವೇ?”

ಮಾನ್ಯರೇ,

ತಪ್ಪಲ್ಲ. ಹಾಗೆಂದು ಆ ಮಾನ್ಯತೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಅದನ್ನು ಯಾರು, ಏನನ್ನು ನೋಡಿ ಕೊಡುತ್ತಾರೆ ಎಂಬುದು ತಿಳಿದರೆ ನಿಮ್ಮ ಗೊಂದಲ ಅರ್ಧ ಕಳೆಯುತ್ತದೆ.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ 1999ರಲ್ಲಿ ಮೊದಲ ಸಲ ಏಳು ವಿಶ್ವವಿದ್ಯಾಲಯಗಳಿಗೆ ಈ ಹೆಸರು ಕೊಟ್ಟಿತು. ಈಗ ಪಟ್ಟಿಯಲ್ಲಿ 400ಕ್ಕೂ ಹೆಚ್ಚು ಸಂಸ್ಥೆಗಳಿವೆ. ಎರಡು ವರ್ಷದ ಪದವಿ ಕೊಡುವ ಕಾಲೇಜುಗಳೂ ಅದರಲ್ಲಿ ಸೇರಿವೆ. ನಿಗದಿತ ವಿಷಯಗಳು ಪಠ್ಯಕ್ರಮದಲ್ಲಿ ಇವೆಯೇ, ಕಲಿಸಲು ಬೋಧಕರಿದ್ದಾರೆಯೇ ಎಂದು ಪರಿಶೀಲಿಸಿ ಮುದ್ರೆ ಒತ್ತುತ್ತಾರೆ. ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಇಷ್ಟೊಂದು ಸಂಸ್ಥೆಗಳಿಗೆ ಹಂಚಿಕೆಯಾದ ‘ಉತ್ಕೃಷ್ಟ’ ಎಂಬ ಪದವನ್ನು ‘ಕನಿಷ್ಠ ಮಟ್ಟಕ್ಕೆ ಕೊರತೆಯಿಲ್ಲ’ ಎಂದು ಓದಿಕೊಳ್ಳುವುದೇ ಸರಿ.

ಇದರ ನಿಜವಾದ ಲಾಭ ಸಣ್ಣ ಕಾಲೇಜುಗಳಿಗೆ ಎಂಬುದು ನನ್ನ ನಂಬಿಕೆ. ಪ್ರಯೋಗಾಲಯಕ್ಕೆ ಹಣ ಕೇಳಿ ಆಡಳಿತ ಮಂಡಳಿಯ ಮುಂದೆ ನಿಲ್ಲುವ ಅಧ್ಯಾಪಕರಿಗೆ ‘ಇದಿಲ್ಲದೆ ಮಾನ್ಯತೆ ಸಿಗದು’ ಎಂಬ ಮಾತು ದೊಡ್ಡ ಆಸರೆ. ಅಂಥ ಅಧ್ಯಾಪಕರ ಬಗ್ಗೆ ನನಗೆ ಅಪಾರ ಗೌರವವಿದೆ. ಅಲ್ಲಿನ ರಕ್ಷಣಾ ಇಲಾಖೆಯ ಸೈಬರ್ ವಿದ್ಯಾರ್ಥಿವೇತನಕ್ಕೂ ಈ ಮುದ್ರೆ ಬೇಕು. ಆದರೆ ಅದು ಅಮೆರಿಕದ ನಾಗರಿಕರಿಗೆ ಮೀಸಲು. ನಿಮ್ಮ ಮಗಳಿಗೆ ಅದರಿಂದ ಉಪಯೋಗವಿಲ್ಲ.

ಬ್ರಿಟನ್ನಿನ ಕ್ರಮ ನನಗೆ ಹೆಚ್ಚು ಮೆಚ್ಚುಗೆ. ಅಲ್ಲಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯು 2014ರಲ್ಲಿ ಆರು ಸ್ನಾತಕೋತ್ತರ ಪದವಿಗಳನ್ನು ಪ್ರಮಾಣೀಕರಿಸಿತು. ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ಪದವಿಗೆ ಪ್ರತ್ಯೇಕ ಮಾನ್ಯತೆ. ಅದರಲ್ಲೂ ಆಕ್ಸ್‌ಫರ್ಡ್, ರಾಯಲ್ ಹಾಲೋವೇ ಸೇರಿದಂತೆ ನಾಲ್ಕಕ್ಕೆ ಪೂರ್ಣ, ಉಳಿದೆರಡಕ್ಕೆ ತಾತ್ಕಾಲಿಕ. ಎಲ್ಲರಿಗೂ ಒಂದೇ ಹಾರ ಹಾಕದೆ ಅಂತರವನ್ನು ಬಹಿರಂಗವಾಗಿ ಹೇಳುವುದು ಪ್ರಾಮಾಣಿಕತನ.

ಇನ್ನು ಯಾವ ಮುದ್ರೆಯೂ ಹೇಳದ ಸಂಗತಿ. 1988ರ ನವೆಂಬರ್ 2ರಂದು ‘ಮಾರಿಸ್ ಹುಳು’ ಎಂಬ, ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ದಾಟುವ ಪ್ರೋಗ್ರಾಂ ಅಂತರಜಾಲದಲ್ಲಿ ಹರಡಿತು. ಅದು ನುಗ್ಗಿದ ದಾರಿಗಳಲ್ಲಿ, ಯಂತ್ರ ಬಳಸುವವರ ವಿವರ ತಿಳಿಸುವ ‘ಫಿಂಗರ್’ ಎಂಬ ಪುಟ್ಟ ಸೇವೆಯೂ ಒಂದು. ಆ ಸೇವೆಯ ಪ್ರೋಗ್ರಾಂ 512 ಬೈಟ್‌ಗಳ ಜಾಗವಿಟ್ಟುಕೊಂಡು, ಬಂದದ್ದರ ಉದ್ದ ಅಳೆಯದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಹುಳು ಕಳಿಸಿದ್ದು 536 ಬೈಟ್. ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲಿ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಯಂತ್ರ ಗುರುತಿಟ್ಟುಕೊಂಡಿದ್ದ ವಿಳಾಸವನ್ನೇ ಬದಲಿಸಿತು. ಯಂತ್ರ ಹುಳುವಿನ ಮಾತು ಕೇಳತೊಡಗಿತು. ಪರ್ಡ್ಯೂ ವಿಶ್ವವಿದ್ಯಾಲಯದ ಜೀನ್ ಸ್ಪ್ಯಾಫರ್ಡ್ ಕೆಲವೇ ವಾರಗಳಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. ಪರ್ಡ್ಯೂ ಆ ಮೊದಲ ಏಳರ ಪಟ್ಟಿಗೆ ಸೇರಿದ್ದು ಹನ್ನೊಂದು ವರ್ಷಗಳ ಅನಂತರ. ಮುದ್ರೆ ಬಂದು ಕೆಲಸ ಶುರುವಾದದ್ದಲ್ಲ.

ಹೀಗೆ ಚೆಲ್ಲುವುದನ್ನು ವಿದ್ಯಾರ್ಥಿ ಹೊರ ಜಗತ್ತಿನ ಸಂಪರ್ಕವಿಲ್ಲದ ಪ್ರಯೋಗಾಲಯದಲ್ಲಿ ತಾನೇ ಮಾಡಿ ನೋಡಬೇಕು. ಪ್ರೋಗ್ರಾಂ ಕುಸಿಯುವುದನ್ನು ಕಣ್ಣಾರೆ ಕಂಡು, ಉದ್ದ ಅಳೆಯುವ ಆ ಒಂದು ಸಾಲನ್ನು ತನ್ನ ಕೈಯಿಂದಲೇ ಬರೆಯಬೇಕು. ಎರಡೂ ವಿಶ್ವವಿದ್ಯಾಲಯಗಳಿಗೆ ಮಗಳು ಪತ್ರ ಬರೆದು ಕೇಳಲಿ: ಇಂಥ ಅಭ್ಯಾಸ ವಾರಕ್ಕೆ ಎಷ್ಟು ಗಂಟೆ? ಕಲಿಸುವವರು ಕಾಯಂ ಬೋಧಕರೇ? ಹಿಂದಿನ ವರ್ಷದ ಪ್ರಬಂಧಗಳನ್ನು ಓದಲು ಕೊಡುತ್ತೀರಾ?

ಇನ್ನೊಂದು ಪ್ರಶ್ನೆ ನನ್ನದು. ಗೂಢಲಿಪಿಗೆ ಬೇಕಾದ, ಯಾರೂ ಊಹಿಸಲಾಗದ ಸಂಖ್ಯೆಗಳನ್ನು ಹುಟ್ಟಿಸುವ ‘ಡ್ಯುಯಲ್ ಇಸಿ’ ಎಂಬ ವಿಧಾನದಲ್ಲಿ ಎನ್‌ಎಸ್‌ಎ ಕಳ್ಳಬಾಗಿಲು ಇಟ್ಟಿದೆ ಎಂಬ ಆರೋಪ 2013ರಲ್ಲಿ ಬಲವಾಗಿ ಎದ್ದಿತು; ಅದನ್ನು ಬಳಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆಯೇ ಹೇಳಬೇಕಾಯಿತು. ಮುದ್ರೆ ಕೊಟ್ಟವರ ಈ ಕಥೆಯನ್ನು ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ಚರ್ಚಿಸುತ್ತಾರೆಯೇ? ಚರ್ಚಿಸುವ ವಿಭಾಗದ ಮೇಲೆ ನನಗೆ ಭರವಸೆ ಹೆಚ್ಚು.

ಎರಡನೆಯದು ಮಗಳಿಗೆ ಏಕೆ ಇಷ್ಟ ಎಂದು ನೀವು ಬರೆದಿಲ್ಲ. ಕೇಳಿ ನೋಡಿ. ಅವಳು ಒಬ್ಬ ಅಧ್ಯಾಪಕರ ಹೆಸರನ್ನೋ ಒಂದು ಪ್ರಯೋಗಾಲಯದ ಕೆಲಸವನ್ನೋ ಹೇಳಿದರೆ ನಿಶ್ಚಿಂತೆಯಿಂದ ಶುಲ್ಕ ಕಟ್ಟಿ. ಅಂಥದ್ದೇನೂ ಇಲ್ಲವಾದರೆ ಮೊದಲನೆಯದಕ್ಕೇ ಹೋಗಲಿ.

— ಸಂಪಾದಕ