ಸಣ್ಣ ಗ್ಯಾರೇಜಿಗೆ ಟೂಲ್ ಟ್ರಾಲಿ: 18 ಸಾವಿರದ್ದು ಸಾಕಾ, 70 ಸಾವಿರದ್ದೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಬೈಕ್ ಗ್ಯಾರೇಜ್ ಶುರು ಮಾಡುತ್ತಿದ್ದೀರಿ. ಏಳು ಡ್ರಾಯರಿನ ಟೂಲ್ ಟ್ರಾಲಿ ಆನ್‌ಲೈನಿನಲ್ಲಿ 18,000ಕ್ಕೆ ಸಿಗುತ್ತಿದೆ. ಅಷ್ಟೇ ಅಳತೆಯ ‘ಪ್ರೊಫೆಷನಲ್’ ಟ್ರಾಲಿಗೆ ಅಂಗಡಿಯವರು 70,000 ಹೇಳುತ್ತಿದ್ದಾರೆ. ನೋಡಲು ಎರಡೂ ಕೆಂಪು, ಎರಡಕ್ಕೂ ನಾಲ್ಕು ಚಕ್ರ. ಮಿಕ್ಕ 52,000 ಯಾವುದಕ್ಕೆ ಅಂತ ಕೇಳಿದ್ದೀರಿ.

ನಾನು ಉಡುಪಿ ಕಡೆಯವನು. 2009ರಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಎರಡೂ ಥರದ್ದನ್ನು ಕೊಂಡು ನೋಡಿದ್ದೇನೆ. ನನ್ನ ಉತ್ತರ ಒಂದೇ ಮಾತಿನಲ್ಲಿ: ಆ ದುಡ್ಡಿನ ದೊಡ್ಡ ಪಾಲು ಹೋಗುವುದು ಡ್ರಾಯರ್ ಚಾನೆಲ್‌ಗೆ, ಅಂದರೆ ಡ್ರಾಯರ್ ಜಾರಿ ಹೊರಗೆ ಒಳಗೆ ಓಡಾಡುವ ಪಕ್ಕದ ಹಳಿಗೆ. ಬಣ್ಣ, ಬೀಗ, ಮೇಲಿನ ರಬ್ಬರ್ ಮ್ಯಾಟ್ ಎಲ್ಲ ಆಮೇಲಿನ ವಿಷಯ.

ಸ್ವಲ್ಪ ಲೆಕ್ಕ ಹಾಕೋಣ. ಅಡುಗೆಮನೆಯ ಡ್ರಾಯರಿಗೆ ಕಾರ್ಪೆಂಟರ್ ಹಾಕುತ್ತಾರಲ್ಲ, ಟೆಲಿಸ್ಕೋಪಿಕ್ ಚಾನೆಲ್, ಅದನ್ನು ಸಾಮಾನ್ಯವಾಗಿ 50,000 ಸಲ ತೆಗೆದು ಹಾಕುವುದಕ್ಕೆ ಅಂತ ಮಾಡಿರುತ್ತಾರೆ. ಮನೆಯಲ್ಲಿ ದಿನಕ್ಕೆ 20 ಸಲ ಎಳೆದರೂ ಆರೇಳು ವರ್ಷ ಬಂತು. ಗ್ಯಾರೇಜಿನಲ್ಲಿ? ನನ್ನಲ್ಲಿ ದಿನಕ್ಕೆ ಹತ್ತು ಗಾಡಿ ಬರುತ್ತವೆ. ಒಂದೊಂದು ಗಾಡಿಗೆ ಮೇಲಿನ ಡ್ರಾಯರನ್ನು ಹದಿನೈದು ಸಲವಾದರೂ ಎಳೆಯುತ್ತೇವೆ. 10-11 ಸ್ಪ್ಯಾನರ್ ತೆಗೆ, ಇಡು, 12-13 ತೆಗೆ. ಅಲ್ಲಿಗೆ ದಿನಕ್ಕೆ 150, ವರ್ಷಕ್ಕೆ 300 ದಿನ ಕೆಲಸ ಅಂದರೆ 45,000. ಅಗ್ಗದ ಟ್ರಾಲಿಗಳಲ್ಲಿ ಬಹಳಷ್ಟಕ್ಕೆ ಇದೇ ದರ್ಜೆಯ ಚಾನೆಲ್ ಇರುತ್ತದೆ, ಕೆಲವಕ್ಕೆ ಇನ್ನೂ ಕಡಿಮೆಯದು. ನನ್ನ ಮೊದಲ ಟ್ರಾಲಿಯ ಮೇಲಿನ ಡ್ರಾಯರ್ ಹದಿನಾಲ್ಕನೇ ತಿಂಗಳಿಗೆ ಕೈಗೆ ಬಂತು. ಚಾನೆಲ್ ಒಳಗಿನ ಬೇರಿಂಗ್ ಗುಂಡುಗಳು ನೆಲದ ತುಂಬಾ. ಆಗ ಕಂಪನಿಯನ್ನು ಬೈದಿದ್ದೆ. ಈಗ ನೋಡಿದರೆ, ಪಾಪ, ಅದು ತನ್ನ ಪಾಲಿನ ಕೆಲಸ ಮುಗಿಸಿಯೇ ಹೋಗಿತ್ತು.

ಅದರ ಮೇಲೆ ಭಾರ. ಅರ್ಧ ಇಂಚಿನ ಸಾಕೆಟ್‌ಗಳು, ರಾಚೆಟ್, ಉದ್ದ ಹ್ಯಾಂಡಲ್, ಎಲ್ಲ ಸೇರಿಸಿ ಪಕ್ಕದ ದಿನಸಿ ಅಂಗಡಿಯಲ್ಲಿ ಒಮ್ಮೆ ತೂಗಿಸಿದ್ದೆ. ಒಂದೇ ಡ್ರಾಯರಿನದ್ದು 22 ಕಿಲೋ! ಒಳ್ಳೆಯ ಟ್ರಾಲಿಯಲ್ಲಿ ಒಂದು ಜೊತೆ ಚಾನೆಲ್ 45 ಕಿಲೋ ತಡೆಯುತ್ತದೆ, ಭಾರದ ಡ್ರಾಯರಿಗೆ ಎರಡೆರಡು ಜೊತೆ ಹಾಕುವವರೂ ಇದ್ದಾರೆ. ಡ್ರಾಯರ್ ಪೂರ್ತಿ ಹೊರಗೆ ಬರುತ್ತದಾ ಅಂತಲೂ ನೋಡಿ. ಮುಕ್ಕಾಲು ಭಾಗ ಮಾತ್ರ ಬಂದರೆ ಹಿಂದಿನ ಕಾಲು ಭಾಗಕ್ಕೆ ಹೋದ ಸಾಮಾನು ಮರೆತಂತೆಯೇ.

ಈಗ ನನ್ನ ಹಣೆಬರಹದ ಕಥೆ. ದುಬಾರಿ ಟ್ರಾಲಿಗಳಲ್ಲಿ ಒಂದು ಡ್ರಾಯರ್ ತೆರೆದಿದ್ದರೆ ಇನ್ನೊಂದು ತೆರೆಯದ ಹಾಗೆ ಒಳಗೆ ಲಾಕ್ ಇರುವುದುಂಟು. ಇದೇನು ಕಿರಿಕಿರಿ ಅಂತ ನಾನು ನಗುತ್ತಿದ್ದೆ. ನನ್ನ ಅಗ್ಗದ ಟ್ರಾಲಿಯಲ್ಲಿ ಅದು ಇರಲಿಲ್ಲ. ಹೊಸ ಹುಡುಗ ಒಬ್ಬ ಏನೋ ಹುಡುಕುತ್ತಾ ಮೇಲಿನ ಮೂರು ಡ್ರಾಯರನ್ನೂ ಎಳೆದು ಹಾಗೇ ಬಿಟ್ಟ. ಐವತ್ತು ಕಿಲೋ ಮುಂದಕ್ಕೆ ಬಂದರೆ ತೂಕ ಮುಂದಿನ ಚಕ್ರ ದಾಟಿ ಹೊರಗೆ ಹೋಯಿತು ಅಂತಲೇ ಲೆಕ್ಕ. ಟ್ರಾಲಿ ನಿಧಾನವಾಗಿ, ನಮಸ್ಕಾರ ಮಾಡಿದ ಹಾಗೆ, ಬಗ್ಗಿತು. ಹುಡುಗ ಜಿಗಿದು ತಪ್ಪಿಸಿಕೊಂಡ. ಗಿರಾಕಿಯ ಬುಲೆಟ್‌ನ ಟ್ಯಾಂಕ್ ತಪ್ಪಿಸಿಕೊಳ್ಳಲಿಲ್ಲ. ಡೆಂಟ್ ತೆಗೆಸಿ ಪೇಂಟ್ ಮಾಡಿಸಿಕೊಟ್ಟದ್ದು ನನ್ನ ಜೇಬಿನಿಂದ. ಲಾಕ್ ಇಲ್ಲದ್ದನ್ನೇ ಕೊಂಡರೆ ಭಾರದ್ದೆಲ್ಲ ಕೆಳಗಿನ ಡ್ರಾಯರಿಗೆ ಹಾಕಿ, ಹಿಂಬದಿಯನ್ನು ಚೈನ್ ಹಾಕಿ ಗೋಡೆಗೆ ಕಟ್ಟಿ. ಅಲ್ಲಿಗೆ ಅದು ಟ್ರಾಲಿ ಅಲ್ಲ, ಬೀರು. ಇರಲಿ ಬಿಡಿ, ಟ್ಯಾಂಕಿಗಿಂತ ಅಗ್ಗ.

ತಗಡಿನ ವಿಷಯ ಬೇಗ ಮುಗಿಸುತ್ತೇನೆ. ಗೇಜ್ ನಂಬರ್ ಕಡಿಮೆಯಾದಷ್ಟು ತಗಡು ದಪ್ಪ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 22 ಗೇಜ್ ಅಂದರೆ 0.7. ಪಕ್ಕಕ್ಕೆ ಬೆರಳಿನಲ್ಲಿ ಬಡಿದರೆ ಡಬ್ಬದ ಸದ್ದು ಬರುತ್ತದೆ, ಗೊತ್ತಾಗಿಬಿಡುತ್ತದೆ. ನಮ್ಮ ಕರಾವಳಿಯವರು ಮಾತ್ರ ದಪ್ಪಕ್ಕಿಂತ ಬಣ್ಣ ನೋಡಬೇಕು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಜೊತೆಗೆ ಉಪ್ಪಿನ ಗಾಳಿ. ತುಕ್ಕು ಶುರುವಾಗುವುದು ಎದುರಿಗಲ್ಲ, ತಗಡು ಮಡಚಿ ವೆಲ್ಡ್ ಮಾಡಿದ ಒಳ ಸಂದಿಯಲ್ಲಿ. ಡ್ರಾಯರ್ ಹೊರಗೆ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲೂ ಪೌಡರ್ ಕೋಟಿಂಗ್ ಇದ್ದರೆ ಒಳ್ಳೆಯ ಮಾಲು.

ಚಕ್ರ ಐದು ಇಂಚಿನದ್ದಿರಲಿ. ಮೂರು ಇಂಚಿನ ಪ್ಲಾಸ್ಟಿಕ್ ಚಕ್ರಕ್ಕೆ ಒರಟು ಸಿಮೆಂಟ್ ನೆಲದಲ್ಲಿ ಒಂದು ಜಲ್ಲಿ ಚೂರು ಸಾಕು, ನಿಂತುಬಿಡುತ್ತದೆ.

ಹಾಗಾದರೆ 70,000ದ್ದೇ ತಗೊಳ್ಳಿ ಅಂತೀರಾ ಅಂದರೆ, ಇಲ್ಲ ಮಾರಾಯ್ರೆ. ಅಮೆರಿಕದ ಟೂಲ್ ಕಂಪನಿ ಸ್ನ್ಯಾಪ್-ಆನ್‌ನಂಥ ದೊಡ್ಡ ಹೆಸರಿನ ಪೆಟ್ಟಿಗೆಗಳ ಹಿಂದೆ ಬೇರೆಯೇ ಪದ್ಧತಿ ಇದೆ. ಅಮೆರಿಕದಲ್ಲಿ ಟೂಲ್ಸ್ ಬಹುಮಟ್ಟಿಗೆ ಮೆಕ್ಯಾನಿಕ್‌ನ ಸ್ವಂತದ್ದು. ಕಂಪನಿಯ ವ್ಯಾನ್ ವಾರವಾರ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಅವನು ಕಂತಿನಲ್ಲಿ ಕಟ್ಟುತ್ತಾನೆ, ಕೆಲಸ ಬದಲಿಸಿದರೆ ಪೆಟ್ಟಿಗೆಯನ್ನೂ ಒಯ್ಯುತ್ತಾನೆ. ಜೀವಮಾನದ ಆಸ್ತಿ ಅದು. ನಮ್ಮಲ್ಲಿ ಟೂಲ್ಸ್ ಓನರ್‌ದು, ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಶುರುವಿನಲ್ಲೇ ಅಷ್ಟು ದುಡ್ಡು ತಗಡಿಗೆ ಹಾಕಿದರೆ ಸ್ಪ್ಯಾನರ್‌ಗೆ ಏನು ಉಳಿಯುತ್ತದೆ?

ನಾನು ಈಗ ಮಾಡಿಕೊಂಡಿರುವುದು ಹೀಗೆ. ಅಗ್ಗದ ಟ್ರಾಲಿಯ ಡಬ್ಬ ಹಾಗೇ ಇದೆ. ಮೇಲಿನ ಎರಡು ಡ್ರಾಯರಿಗೆ ಹಾರ್ಡ್‌ವೇರ್ ಅಂಗಡಿಯ 45 ಕಿಲೋ ಚಾನೆಲ್ ಹಾಕಿಸಿದೆ. ಸಾಧಾರಣ ಚಾನೆಲ್‌ಗೆ ಡ್ರಾಯರಿನ ಪ್ರತಿ ಪಕ್ಕದಲ್ಲಿ ಅರ್ಧ ಇಂಚು ಜಾಗ ಬೇಕು. ಅಷ್ಟಿದ್ದರೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಹಳೆಯದು ಕೊಕ್ಕೆಯಲ್ಲಿ ಸಿಕ್ಕಿಸಿದ್ದಾಗಿತ್ತು, ಹೊಸದಕ್ಕೆ ತೂತು ಕೊರೆದು ಬೋಲ್ಟ್ ಹಾಕಬೇಕಾಯಿತು. ಒಂದು ಭಾನುವಾರದ ಕೆಲಸ. ಸವೆದಾಗ ಮತ್ತೆ ಕೆಲವು ನೂರು ರೂಪಾಯಿ, ಅಷ್ಟೇ. ಸುತ್ತಿಗೆ, ಪುಲ್ಲರ್, ಗೇರ್ ಕೆಲಸದ ಭಾರದ ಸಾಮಾನಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಹಾಕಿಸಿ ಗೋಡೆಗೆ ರ‍್ಯಾಕ್ ಮಾಡಿಸಿದೆ. ದುಬಾರಿ ಟ್ರಾಲಿಯೂ ಒಂದಿದೆ, 2019ರಲ್ಲಿ ಮುಚ್ಚಿದ ಒಂದು ಕಾರ್ ವರ್ಕ್‌ಶಾಪಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಬಣ್ಣ ಹೋಗಿದೆ, ಡ್ರಾಯರ್ ಇವತ್ತಿಗೂ ಬೆಣ್ಣೆ ಹಾಗೆ ಬರುತ್ತದೆ. ಅಂಥದ್ದು ಸಿಕ್ಕರೆ ಯೋಚನೆ ಮಾಡದೆ ಎತ್ತಿಕೊಳ್ಳಿ.

ಯಾವುದನ್ನೇ ಕೊಳ್ಳಿ, ಮೇಲಿನ ಡ್ರಾಯರನ್ನು ಪೂರ್ತಿ ಎಳೆದು, ಮುಂದಿನ ಅಂಚಿನ ಮೇಲೆ ಮೊಣಕೈ ಊರಿ, ಎಡಬಲಕ್ಕೆ ಅಲ್ಲಾಡಿಸಿ ನೋಡಿ. ಅಂಗಡಿಯವನು ಬೇಡ ಬೇಡ ಅಂದರೆ ಅಲ್ಲಿಂದ ಹೊರಡಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಚಾನೆಲ್‌ನ ಪಕ್ಕದ ಜಾಗ ಎಷ್ಟಿದೆ ಅಂತ ಮಾರುವವರನ್ನು ಮೊದಲೇ ಕೇಳಿ, ಆ ಅಳತೆ ಮತ್ತು ನಿಮ್ಮ ಅಂಗಡಿಯ ನೆಲ ಎಂಥದ್ದು ಅಂತ ಬರೆಯಿರಿ. ಯಾವ ಚಾನೆಲ್, ಯಾವ ಚಕ್ರ ಹಿಡಿಸುತ್ತದೆ ಅಂತ ಹೇಳುತ್ತೇನೆ.