ಗ್ರೂಪಿಗೆ ಕಳಿಸಿದ ಕೋಡ್ ಬೇರೆಯವರ ಕಡೆ ಯಾಕೆ ಓಡೋದಿಲ್ಲ?

ನೀವು ಕೇಳಿದ್ದು ಇಷ್ಟು: ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ ಪೈಥಾನ್ ಕೋಡ್ ನಿಮ್ಮಲ್ಲಿ ಓಡತೈತಿ, ಗೆಳೆಯರ ಕಡೆ ಎರರ್ ಕೊಡತೈತಿ, ಸ್ಕ್ರೀನ್‌ಶಾಟ್ ಹಾಕಿದರೆ ಬೈತಾರ. ಬೈಯೋದು ಸರಿನೇ ಐತ್ರಿ. ಫೋಟೋ ನೋಡಿ ಸಾಲುಗಟ್ಟಲೆ ಮತ್ತೆ ಟೈಪ್ ಮಾಡೋಷ್ಟು ಪುರುಸೊತ್ತು ಯಾರಿಗದ?

ಕೋಡ್ ಕೆಡೋದು ಹೆಚ್ಚಾಗಿ ದಾರಿಯೊಳಗ. ಐಫೋನಿನ ಸ್ಮಾರ್ಟ್ ಪಂಕ್ಚುಯೇಶನ್ ಮತ್ತು ವರ್ಡ್ ಎರಡೂ ನೇರ ಕೋಟ್ಸ್ ಚಿಹ್ನೆಯನ್ನು ಡೊಂಕು ಮಾಡಿಬಿಡ್ತಾವ. ನಮ್ಮ ಕಣ್ಣಿಗೆ ಎರಡೂ ಒಂದೇ, ಪೈಥಾನ್ ಮಾತ್ರ ಸಿಂಟ್ಯಾಕ್ಸ್ ಎರರ್ ಅಂತ ಅಲ್ಲೇ ನಿಲ್ಲತೈತಿ. ಇಂಡೆಂಟೇಶನ್ನಿನಲ್ಲಿ, ಅಂದರೆ ಸಾಲಿನ ಮೊದಲಿಗೆ ಬಿಡೋ ಜಾಗದಲ್ಲಿ, ಟ್ಯಾಬೂ ಸ್ಪೇಸೂ ಕಲಸಿದ್ದರೂ ಅದೇ ಗತಿ. ಎಡಿಟರಿನಲ್ಲಿ ಟ್ಯಾಬ್ ಒತ್ತಿದರೆ 4 ಸ್ಪೇಸ್ ಬೀಳೋ ಹಾಗೆ ಸೆಟ್ ಮಾಡಿಟ್ಟರೆ ಮುಗೀತು.

ಕೀಬೋರ್ಡಿನಲ್ಲಿ ಎಸ್ಕೇಪ್ ಕೆಳಗೆ, 1ರ ಎಡಕ್ಕೆ ಬ್ಯಾಕ್‌ಟಿಕ್ ಅನ್ನೋ ಚಿಹ್ನೆ (`) ಇರತೈತಿ. ಕೋಡಿನ ಹಿಂದೆ ಮೂರು, ಮುಂದೆ ಮೂರು ಹಾಕ್ರಿ. ವಾಟ್ಸ್ಯಾಪಿನಲ್ಲಿ ಎಲ್ಲ ಅಕ್ಷರ ಒಂದೇ ಅಗಲಕ್ಕೆ ಬಂದು ಇಂಡೆಂಟ್ ಎದ್ದು ಕಾಣತೈತಿ. ಮಾರ್ಕ್‌ಡೌನ್ (ಚಿಹ್ನೆ ಹಾಕಿ ಅಕ್ಷರ ಬೋಲ್ಡ್ ಮಾಡೋ ಥರದ ಪದ್ಧತಿ) ನಡೆಯೋ ಕಡೆ ಹೀಗೆ ಹಾಕದಿದ್ದರೆ ಹೆಸರಿನ ಅಕ್ಕಪಕ್ಕದ ಎರಡೆರಡು ಅಂಡರ್‌ಸ್ಕೋರ್ ಮಾಯವಾಗಿ ಅದು ಬೋಲ್ಡ್ ಆಗಿ ಕೂತಿರತೈತಿ.

ಇನ್ನು ಕೋಡ್ ತುಣುಕಿನ ಜೊತೆ ಏನು ಬರೀಬೇಕು ಅನ್ನೋದು. ನಾನು ವಿಜಯಪುರದಾಗ ಒಣದ್ರಾಕ್ಷಿ ವ್ಯಾಪಾರಿಗಳಿಗೆ ಲೆಕ್ಕದ ಪ್ರೋಗ್ರಾಂ ಮಾಡಿಕೊಡ್ತೀನಿ. ರೈತರ ಹೆಸರು ಕನ್ನಡದಾಗ ಇರೋ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರೆ ಮಾಡಿದ ಪಟ್ಟಿ) ಎಕ್ಸೆಲ್‌ನಾಗ ತೆಗೆದರೆ ಹೆಸರೆಲ್ಲ ಅಡ್ಡಾದಿಡ್ಡಿ ಚಿಹ್ನೆ ಆಗಿ ಬರತಿದ್ದವು. ಮದ್ದು ಒಂದೇ ಪದ: ಫೈಲ್ ಬರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಾಗ ಕೂಡಿಸಿಡೋ ಪದ್ಧತಿ) 'ಯುಟಿಎಫ್-8-ಸಿಗ್' (utf-8-sig) ಅಂತ ಕೊಡೋದು. ಅದು ಫೈಲಿನ ಮೊದಲಿಗೆ ಮೂರು ಬೈಟಿನ ಗುರುತು ಇಡತೈತಿ, ಅದನ್ನು ನೋಡಿ ಎಕ್ಸೆಲ್ ಇದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ನಡೆಯೋ ಅಕ್ಷರ ಪದ್ಧತಿ) ಅಂತ ಹಿಡೀತೈತಿ. ಬರೀ ಆ ಸಾಲು ಕಳಿಸಿದರೆ ಯಾರಿಗೂ ತಿಳಿಯೋದಿಲ್ಲ. "ಎಕ್ಸೆಲ್‌ನಾಗ ಕನ್ನಡ ಕೆಟ್ಟರೆ ಇದು" ಅಂತ ಮೇಲೊಂದು ಕಾಮೆಂಟ್ ಇದ್ದರೆ ವರ್ಷ ಬಿಟ್ಟು ಹುಡುಕಿದರೂ ಸಿಗತೈತಿ. ಆದರೆ ಡೇಟಾ ಹಳೇ 'ನುಡಿ' ಫಾಂಟಿನ ಆಸ್ಕಿ ಅಕ್ಷರದಾಗ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ಕೂಡಿಸಿದ್ದು) ಇದ್ದರೆ ಈ ಮದ್ದು ನಡೆಯೋದಿಲ್ಲ, ಮೊದಲು ಯೂನಿಕೋಡಿಗೆ ಕನ್ವರ್ಟ್ ಮಾಡಬೇಕು. ಇದನ್ನೂ ಅದೇ ಕಾಮೆಂಟಿನಾಗ ಬರೀರಿ.

ಕೋಡ್ ಒಂದು ಪುಟ ದಾಟಿದರೆ ಗಿಟ್‌ಹಬ್ ಗಿಸ್ಟಿಗೆ (ಕೋಡ್ ತುಣುಕು ಹಂಚಿಕೊಳ್ಳೋ ವೆಬ್ ಜಾಗ) ಹಾಕಿ ಲಿಂಕ್ ಕೊಡ್ರಿ. ಅಲ್ಲಿ 'ಸೀಕ್ರೆಟ್' ಗಿಸ್ಟ್ ಅಂದರೂ ಲಿಂಕ್ ಸಿಕ್ಕವರೆಲ್ಲ ನೋಡಬಹುದು. ಹಾಗಾಗಿ ಡೇಟಾಬೇಸ್ ಪಾಸ್‌ವರ್ಡ್ ತೆಗೀರಿ, ಸ್ಯಾಂಪಲ್ ಡೇಟಾದಾಗ ಗಿರಾಕಿಗಳ ಖರೇ ಹೆಸರು, ಮೊಬೈಲ್ ನಂಬರ್ ಬಿಡಬ್ಯಾಡ್ರಿ. ಸುಳ್ಳು ಹೆಸರಿನ ಎರಡು ಸಾಲು ಇದ್ದರೆ ಸಾಕು, ಓಡಿಸಿ ನೋಡೋರಿಗೆ ಅಷ್ಟೇ ಬೇಕಾಗಿರೋದು.