ಹೊಟ್ಟೆ ಎಳೆದುಕೊಂಡರೆ ಉಸಿರು ಕಟ್ಟುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಕೆಲಸ. ಬೆನ್ನು ಗೂನಾಗುತ್ತಿದೆ ಅಂತ ಈಚೆಗೆ ಪಿಲಾಟೆಸ್ (ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ) ಕ್ಲಾಸಿಗೆ ಸೇರಿದೆ. ಟೀಚರ್ ‘ಹೊಕ್ಕುಳನ್ನು ಬೆನ್ನುಮೂಳೆಗೆ ತಾಗಿಸಿ’, ‘ತಲೆಗೆ ದಾರ ಕಟ್ಟಿ ಮೇಲಿಂದ ಎಳೆಯುತ್ತಿದ್ದಾರೆ ಅಂದುಕೊಳ್ಳಿ’ ಎನ್ನುತ್ತಾರೆ. ಮೊದಲನೆಯದಕ್ಕೆ ಉಸಿರು ಕಟ್ಟುತ್ತದೆ, ಎರಡನೆಯದಕ್ಕೆ ಕತ್ತು ನೋಯುತ್ತದೆ. ಹೀಗೆ ಕಲ್ಪಿಸಿಕೊಳ್ಳುವುದರಿಂದ ನಿಜವಾಗಿಯೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಹೇಳೋದಾ?

ಉತ್ತರ: ಖಂಡಿತ ಇದೆ. ಒಂದು ಚಲನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೂ ಸಾಕು, ಅದನ್ನು ನಿಜವಾಗಿ ಮಾಡುವಾಗ ದುಡಿಯುವ ಮೆದುಳಿನ ಭಾಗಗಳಲ್ಲಿ ಹಲವು ಚುರುಕಾಗುತ್ತವೆ. ಅದೂ ಅಲ್ಲದೆ, ಕೈ ಎತ್ತಿ ಅಂದರೆ ಯಾರು ಬೇಕಾದರೂ ಎತ್ತುತ್ತಾರೆ. ಹೊಟ್ಟೆಯ ಒಳಪದರದ ಸ್ನಾಯು ಬಿಗಿ ಮಾಡಿ ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಅಲ್ಲಿ ಇಂಥ ಮನಸ್ಸಿನ ಚಿತ್ರ ಕೆಲಸಕ್ಕೆ ಬರುತ್ತದೆ.

ತೊಂದರೆ ಆಗುತ್ತಿರುವುದು ನೀವು ಆ ಚಿತ್ರವನ್ನು ಬಲ ಹಾಕಿ ಮಾಡಲು ಹೋಗುತ್ತಿರುವುದರಿಂದ. ನ್ಯೂಯಾರ್ಕ್‌ನ ಜೂಲಿಯಾರ್ಡ್ ಶಾಲೆಯಲ್ಲಿ ನೃತ್ಯ ಕಲಿಯುವವರಿಗೆ ಪಾಠ ಮಾಡುತ್ತಿದ್ದ ಲುಲು ಸ್ವೈಗಾರ್ಡ್ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಚಿತ್ರವನ್ನು ಮನಸ್ಸಿನಲ್ಲಿ ನೋಡಿ, ನೀವಾಗಿ ಏನೂ ಮಾಡಬೇಡಿ ಎಂಬುದು ಅವರ ಪದ್ಧತಿ. ನನ್ನ ಮಟ್ಟಿಗೆ ಪಿಲಾಟೆಸ್ ಕಲಿಯುವವರು ಮೊದಲು ತಿಳಿಯಬೇಕಾದ್ದು ಇದೇ.

ಹೊಟ್ಟೆಯ ವಿಷಯ ಮೊದಲು ನೋಡೋಣ. ಸೊಂಟವನ್ನು ಪಟ್ಟಿಯ ಹಾಗೆ ಅಡ್ಡಡ್ಡ ಸುತ್ತಿಕೊಂಡಿರುವ ಒಳಸ್ನಾಯು, ಆರೋಗ್ಯವಂತರಲ್ಲಿ ಕೈ ಎತ್ತುವ ಒಂದು ಕ್ಷಣ ಮೊದಲೇ ಸಿದ್ಧವಾಗುತ್ತದೆ. ಸೊಂಟನೋವು ಇದ್ದವರಲ್ಲಿ ಅದು ತಡವಾಗುತ್ತದೆ ಎಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ತೋರಿಸಿದರು. ಹೊತ್ತಿಗೆ ಸರಿಯಾಗಿ, ಮೆಲ್ಲಗೆ ಬಿಗಿಯಾಗುವ ಸ್ನಾಯು ಅದು. ಅದಕ್ಕೆ ಜೋರು ಬೇಡ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಸೊಂಟದ ಮುಂದಿನ ಎರಡು ಮೂಳೆಗಳ ತುದಿ ಕೈಗೆ ಸಿಗುತ್ತದೆ. ಅಲ್ಲಿಂದ ಎರಡು ಬೆರಳಷ್ಟು ಒಳಗೆ ಬೆರಳ ತುದಿ ಇಟ್ಟು ಒಮ್ಮೆ ಕೆಮ್ಮಿ. ಬೆರಳನ್ನು ಹೊರಗೆ ತಳ್ಳುವ ಒತ್ತಡ ಗೊತ್ತಾಗುತ್ತದೆ. ನಮಗೆ ಬೇಕಾದ್ದು ಅದಲ್ಲ. ಈಗ ‘ಸ್ಸ್’ ಎಂದು ಉಸಿರು ಬಿಡುತ್ತಾ, ಪೆಟಿಕೋಟಿನ ಲಾಡಿಯನ್ನು ಎರಡೂ ಕಡೆಯಿಂದ ಸ್ವಲ್ಪವೇ ಬಿಗಿ ಮಾಡಿದಂತೆ ಕಲ್ಪಿಸಿ. ಗಂಟು ಹಾಕುವಷ್ಟು ಎಳೆಯಬೇಡಿ. ಬೆರಳ ಕೆಳಗೆ ಚರ್ಮ ತೆಳ್ಳಗೆ ಬಿಗಿದಂತೆ ಅನಿಸಿದರೆ ಸಾಕು. ಆ ಬಿಗಿ ಹಾಗೇ ಇರುವಾಗ ಉಸಿರು ಒಳಗೆ ತೆಗೆದುಕೊಳ್ಳಲು ಬಂದರೆ, ಎರಡು ಮಾತು ಆಡಲು ಬಂದರೆ, ಸರಿಯಾಗಿದೆ. ಬರದಿದ್ದರೆ ಬಲ ಜಾಸ್ತಿ ಆಯಿತು, ಅರ್ಧ ಬಿಟ್ಟುಬಿಡಿ.

ಇನ್ನು ದಾರ. ನೀವು ಅದನ್ನು ಬಹುಶಃ ಹಣೆಯ ಮೇಲ್ಭಾಗಕ್ಕೆ ಕಟ್ಟುತ್ತಿದ್ದೀರಿ. ಆಗ ಗದ್ದ ಮೇಲೇಳುತ್ತದೆ, ಕತ್ತಿನ ಹಿಂಭಾಗ ಮಡಿಚಿಕೊಳ್ಳುತ್ತದೆ. ನೋವು ಅಲ್ಲಿಂದಲೇ ಬರುತ್ತಿರಬೇಕು. ದಾರವನ್ನು ಹಿಂದಕ್ಕೆ, ಕೂದಲಿನ ಸುಳಿ ಇರುವ ಕಡೆಗೆ ಕಟ್ಟಿ. ಗದ್ದ ತಾನಾಗಿ ಒಂದಿಷ್ಟು ಇಳಿಯುತ್ತದೆ, ಕತ್ತಿನ ಹಿಂಭಾಗ ಉದ್ದವಾಗುತ್ತದೆ. ಎದೆಯನ್ನು ಮುಂದೆ ತಳ್ಳಬೇಡಿ. ಹಾಗೆ ಮಾಡಿದರೆ ಪಕ್ಕೆಲುಬು ಮೇಲೆದ್ದು ಸೊಂಟದ ಬಳಿ ಬೆನ್ನು ಒಳಕ್ಕೆ ಬಾಗುತ್ತದೆ, ಹೊಟ್ಟೆ ಮತ್ತೆ ಸಡಿಲವಾಗುತ್ತದೆ.

ಕ್ಲಾಸಿನಲ್ಲಿ ‘ಹಂಡ್ರೆಡ್’ ಎಂಬ ವ್ಯಾಯಾಮ ಮಾಡಿಸುತ್ತಿರಬಹುದು. ಅಂಗಾತ ಮಲಗಿ, ತಲೆ ಮತ್ತು ಕಾಲು ಎತ್ತಿ ಮಾಡುವಂಥದ್ದು. ಐದು ಸಲ ಕೈ ಆಡಿಸುತ್ತಾ ಉಸಿರು ಒಳಗೆ, ಐದು ಸಲಕ್ಕೆ ಹೊರಗೆ, ಹೀಗೆ ಹತ್ತು ಸುತ್ತು. ಅದರಲ್ಲಿ ಹೊಟ್ಟೆಯನ್ನು ಮರೆತು, ಅಂಗೈ ಕೆಳಗೆ ನೀರಿದೆ, ಅದನ್ನು ಒತ್ತುತ್ತಿದ್ದೇನೆ ಅಂದುಕೊಳ್ಳಿ. ಗಮನ ಸ್ನಾಯುವಿನ ಮೇಲೆ ಇರುವುದಕ್ಕಿಂತ ಹೊರಗಿನ ವಸ್ತುವಿನ ಮೇಲೆ ಇದ್ದಾಗ ಚಲನೆ ಸಲೀಸಾಗುತ್ತದೆ. ಕಲಿಕೆಯ ಮೇಲೆ ನಡೆದ ಎಷ್ಟೋ ಪ್ರಯೋಗಗಳು ಇದನ್ನು ತೋರಿಸಿವೆ. ಹೊಟ್ಟೆಯ ನಡುವೆ ದಿಬ್ಬ ಏಳುತ್ತಿದ್ದರೆ ಮಾತ್ರ ತಲೆಯನ್ನು ನೆಲದ ಮೇಲಿಟ್ಟು, ಮಂಡಿ ಮಡಚಿ ಮಾಡಿ. ಹೆರಿಗೆಯ ನಂತರ ಆ ದಿಬ್ಬ ಹೋಗದೇ ಇದ್ದರೆ, ಕೆಮ್ಮಿದಾಗ ಮೂತ್ರ ಸೋರಿದರೆ, ಕಾಲಿಗೆ ಜೋಮು ಇಳಿಯುತ್ತಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಉಸಿರು ಕಟ್ಟುತ್ತದೆ, ಕತ್ತು ನೋಯುತ್ತದೆ ಎಂಬುದನ್ನು ನಿಮ್ಮ ಟೀಚರಿಗೂ ಹೇಳಿ. ಸಂಕೋಚ ಬೇಡ. ಒಬ್ಬರಿಗೆ ಹೊಂದಿದ ಚಿತ್ರ ಇನ್ನೊಬ್ಬರಿಗೆ ಹೊಂದುವುದಿಲ್ಲ. ಒಳ್ಳೆಯ ಟೀಚರ್ ಬಳಿ ಬೇರೆ ನಾಲ್ಕು ಇದ್ದೇ ಇರುತ್ತವೆ.